ಹೆಂಗಸರು ಕಾಪಿಟ್ಟ ಕೆಜಿಎಫ್

ಬಂಗಾರಪೇಟೆ ಜಂಕ್ಷನ್‌ನಿಂದ ಮಾರಿಕುಪ್ಪಕ್ಕೆ ಸುಮಾರು ಹದಿನಾರು ಕಿಲೊಮೀಟರ್. 1894ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆಂದೇ, ಅಂದರೆ ಕೆಜಿಎಫ್‌ಗೆಂದೇ, ಹಾಕಿದ ಕವಲು ಹಳಿ ಇದು. ಕೋರಮಂಡಲ, ಉರಿಗಾಂ, ಚಾಂಪಿಯನ್, ಮಾರಿಕುಪ್ಪಂ ಎಂದು ಕೊನೆಯ ನಿಲ್ದಾಣಗಳು ಒಂದರ ಬೆನ್ನಿಗೊಂದು ಬರುತ್ತವೆ. ಗಾಡಿ ವೇಗ ಹಿಡಿಯುವಷ್ಟರಲ್ಲಿ ಮುಂದಿನ ಪ್ಲಾಟ್‌ಫಾರಂ ಬಂದುಬಿಡುತ್ತದೆ. ಆಗ ಬಂಗಾರಪೇಟೆಗೆ ಬೌರಿಂಗ್‌ಪೇಟೆ ಎಂದು ಹೆಸರು. 1862ರಿಂದ 1870ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್ ಅವರ ಹೆಸರು. ಮದರಾಸಿನ ಕಡೆಯಿಂದ ಬಂದವರು, ಬೆಂಗಳೂರಿನ ದಂಡಿನಿಂದ ಬಂದವರು ಇಲ್ಲಿ ಗಾಡಿ ಬದಲಿಸುತ್ತಿದ್ದರು. ಯಂತ್ರಗಳು, ಮರದ ದಿಮ್ಮಿಗಳು ಈ ಹಳಿಯ ಮೇಲೆ ಹೋದವು. ಉತ್ತರ ಆರ್ಕಾಟ್, ಚಿತ್ತೂರು, ಸೇಲಂ ಜಿಲ್ಲೆಗಳ ಕೂಲಿಕಾರರು, ಇಂಗ್ಲೆಂಡಿನ ಕಾರ್ನ್‌ವಾಲ್‌ನ ಗಣಿಗಾರರು ಹೋದರು. ಅವರ ಹಿಂದೆಯೇ ಹೆಂಗಸರು, ಮಕ್ಕಳು, ತಗಡಿನ ಟ್ರಂಕುಗಳು, ಪಾತ್ರೆಯ ಗಂಟುಗಳು ಹೋದವು.

ಗಂಡಸರ ಕಥೆ ದಾಖಲೆಗಳಲ್ಲಿ ಭದ್ರವಾಗಿದೆ. 1802ರಲ್ಲಿ ಮೈಸೂರಿನ ಪೂರ್ವದ ಗಡಿ ಅಳೆಯಲು ಬಂದ ಲೆಫ್ಟಿನೆಂಟ್ ಜಾನ್ ವಾರನ್ ಇಲ್ಲಿಯ ಹಳ್ಳಿಗರು ಚಿನ್ನ ತೆಗೆಯುವುದನ್ನು ಕಂಡದ್ದು, ನ್ಯೂಜಿಲೆಂಡಿನ ಯುದ್ಧ ಮುಗಿಸಿ ಬಂದ ಐರಿಷ್ ಸೈನಿಕ ಮೈಕೆಲ್ ಲಾವೆಲ್ 1870ರ ದಶಕದಲ್ಲಿ ಗಣಿಗಾರಿಕೆಯ ಪರವಾನಗಿ ಪಡೆದದ್ದು, 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಕಾಲಿಟ್ಟದ್ದು, 1902ರ ಜೂನ್‌ನಲ್ಲಿ ಶಿವನಸಮುದ್ರದಿಂದ 92 ಮೈಲಿ ತಂತಿಯ ಮೇಲೆ ವಿದ್ಯುತ್ ಹರಿದು ಬಂದದ್ದು, ಚಾಂಪಿಯನ್ ರೀಫ್ ಗಣಿ ಮೂರು ಕಿಲೊಮೀಟರ್‌ಗೂ ಹೆಚ್ಚು ಆಳಕ್ಕೆ ಇಳಿದದ್ದು, ಒಟ್ಟು 800 ಟನ್ನಿನಷ್ಟು ಚಿನ್ನ ಮೇಲೆ ಬಂದದ್ದು, ಎಲ್ಲಕ್ಕೂ ಇಸವಿ ಇದೆ, ಅಂಕಿ ಇದೆ. ಗಣಿ ನಡೆದ ಅದೇ ನೂರಿಪ್ಪತ್ತು ವರ್ಷ ಆ ಊರಿನಲ್ಲಿ ಸಂಸಾರಗಳೂ ನಡೆದವು. ಯಾವ ಮನೆಯಲ್ಲಿ ಭಾನುವಾರ ಏನು ಬೇಯುತ್ತಿತ್ತು, ರಾತ್ರಿ ಪಾಳಿ ಮುಗಿಸಿ ಬಂದ ಅಪ್ಪ ಹಗಲು ಮಲಗಿದ್ದಾಗ ಮಕ್ಕಳ ಗಲಾಟೆಯನ್ನು ಅಮ್ಮ ಹೇಗೆ ಅಡಗಿಸುತ್ತಿದ್ದಳು, ಮದುವೆಗೆ ಗೌನು ಹೊಲಿದವರು ಯಾರು, ಹೆರಿಗೆಗೆ ಓಡಿ ಬಂದವರು ಯಾರು, ಇವನ್ನು ಕಂಪನಿಯ ವಾರ್ಷಿಕ ವರದಿಗಳು ಬರೆದುಕೊಳ್ಳಲಿಲ್ಲ. ಬರೆದುಕೊಂಡವರು, ಬರೆಯಲಾಗದಿದ್ದರೆ ಬಾಯಲ್ಲಿ ಉಳಿಸಿಕೊಂಡವರು, ಹೆಂಗಸರು.

ಹಾಗೆ ಬರೆದವರಲ್ಲಿ ಎದ್ದು ಕಾಣುವವರು ಬ್ರಿಜೆಟ್ ವೈಟ್-ಕುಮಾರ್. ಕೆಜಿಎಫ್‌ನಲ್ಲಿ ಹುಟ್ಟಿ ಬೆಳೆದ ಆಂಗ್ಲೊ-ಇಂಡಿಯನ್ ಮಹಿಳೆ. ತಮ್ಮ ಜನರ ಅಡುಗೆಯ ಮೇಲೆ ಒಂದಾದ ಮೇಲೊಂದು ಪುಸ್ತಕ ತಂದರು. 2010ರಲ್ಲಿ ‘ಕೋಲಾರ್ ಗೋಲ್ಡ್ ಫೀಲ್ಡ್ಸ್: ಡೌನ್ ಮೆಮೊರಿ ಲೇನ್’ ಎಂಬ ನೆನಪಿನ ಪುಸ್ತಕವನ್ನೂ ತಂದರು. ಅಡುಗೆಯಿಂದ ಊರಿನ ಚರಿತ್ರೆಗೆ ಹೋದ ಈ ದಾರಿ ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಏಕೆಂದರೆ ಕೆಜಿಎಫ್‌ನ ಆಂಗ್ಲೊ-ಇಂಡಿಯನ್ ಬದುಕಿನ ಬಹುಪಾಲು ಉಳಿದಿರುವುದು ಅಡುಗೆಮನೆಯ ಮೂಲಕವೇ.

ನಮ್ಮ ಸಂವಿಧಾನದ 366ನೇ ವಿಧಿ ಆಂಗ್ಲೊ-ಇಂಡಿಯನ್ ಯಾರು ಎಂಬುದನ್ನು ತಂದೆಯ ಕಡೆಯಿಂದ ನಿರ್ಧರಿಸುತ್ತದೆ. ತಂದೆಯೋ, ತಂದೆಯ ಕಡೆಯ ಹಿರಿಯನೊಬ್ಬನೋ ಯುರೋಪಿಯನ್ ಮೂಲದವನಾಗಿರಬೇಕು. ತಾಯಿಯ ಮಾತೇ ಅಲ್ಲಿಲ್ಲ. ಆದರೆ ಮಗುವಿಗೆ ಯಾವ ಪ್ರಾರ್ಥನೆ ಕಲಿಸಬೇಕು, ಕ್ರಿಸ್‌ಮಸ್‌ಗೆ ಏನು ಕರಿಯಬೇಕು, ಸಾರಿಗೆ ಎಷ್ಟು ಮೆಣಸು ಹಾಕಬೇಕು ಎಂಬುದೆಲ್ಲ ತಾಯಿಯಿಂದಲೇ ಬಂತು. ಕಾಗದದ ಮೇಲೆ ಸಮುದಾಯ ಅಪ್ಪನದು, ಮನೆಯೊಳಗೆ ಅದು ಅಮ್ಮನದು, ಅಜ್ಜಿಯದು. ಯಹೂದಿಗಳ ಸಂಪ್ರದಾಯ ಇದಕ್ಕೆ ತಿರುಗುಮುರುಗು. ಅಲ್ಲಿ ತಾಯಿ ಯಹೂದಿಯಾದರೆ ಮಗು ಯಹೂದಿ.

ಯಹೂದಿಗಳ ಮಾತು ಸುಮ್ಮನೆ ತೆಗೆದದ್ದಲ್ಲ. ದಕ್ಷಿಣ ಭಾರತದ ಪುಟ್ಟ ಸಮುದಾಯವೊಂದರ ಮನೆಮಾತುಗಳನ್ನು ಹೆಂಗಸೊಬ್ಬಳು ಕೂತು ಹೇಳಿದ ಅಪರೂಪದ ಪುಸ್ತಕ ನಮ್ಮ ನೆರೆಯ ಕೊಚ್ಚಿಯದು. 1912ರಲ್ಲಿ ಹುಟ್ಟಿದ ರೂಬಿ ಡೇನಿಯಲ್ 1951ರಲ್ಲಿ ಇಸ್ರೇಲಿಗೆ ಹೋಗಿ ಕಿಬ್ಬುತ್ಸ್ ಒಂದರಲ್ಲಿ ನೆಲೆಸಿದರು. ತಾವು ಬೆಳೆದ ಮಟ್ಟಂಚೇರಿಯ ನೆನಪುಗಳನ್ನು ಮಾನವಶಾಸ್ತ್ರಜ್ಞೆ ಬಾರ್ಬರಾ ಜಾನ್ಸನ್ ಅವರ ಜೊತೆ ಸೇರಿ ‘ರೂಬಿ ಆಫ್ ಕೊಚಿನ್’ ಎಂಬ ಹೆಸರಿನಲ್ಲಿ 1995ರಲ್ಲಿ ಪ್ರಕಟಿಸಿದರು. ಕೊಚ್ಚಿಯ ಯಹೂದಿ ಹೆಂಗಸರು ಮದುವೆಯಲ್ಲಿ, ಹಬ್ಬದಲ್ಲಿ ಹಾಡುತ್ತಿದ್ದ ಮಲಯಾಳಂ ಹಾಡುಗಳು ನೋಟ್‌ಬುಕ್ಕುಗಳಲ್ಲಿ ಕೈಬರಹವಾಗಿ ಉಳಿದುಕೊಂಡಿದ್ದವು. ಸಮುದಾಯ ಕಡಲು ದಾಟಿ ಹೋದ ಮೇಲೆ ವಿದ್ವಾಂಸರು ಹುಡುಕಿಕೊಂಡು ಬಂದದ್ದು ಆ ನೋಟ್‌ಬುಕ್ಕುಗಳನ್ನು.

ಬೆಂಗಳೂರಿಗೂ ಯಹೂದಿ ಕುಟುಂಬಗಳು ಬಂದು ನೆಲೆಸಿದ್ದವು. ಅವರಿಗೆ ಇಲ್ಲಿ ಸಿನಗಾಗ್ ಇರಲಿಲ್ಲ. ಮೈಸೂರು ರಸ್ತೆಯ ಬದಿಯಲ್ಲಿ, 1904ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಕೊಟ್ಟ ಜಾಗದಲ್ಲಿ, ಅವರ ಸ್ಮಶಾನ ಮಾತ್ರ ಇದೆ. ಕಮರ್ಷಿಯಲ್ ಸ್ಟ್ರೀಟಿನಲ್ಲಿ ಬೂಟಿನ ಅಂಗಡಿ ಇಟ್ಟಿದ್ದ ರೂಬಿನ್ ಮೋಸೆಸ್ ಅವರು ಇರಾಕಿನ ಕಡೆಯವರು. ಕೋಲಾರದ ಚಿನ್ನದ ಸುದ್ದಿಯೇ ಅವರನ್ನು ಈ ಸೀಮೆಗೆ ಎಳೆದು ತಂದಿತೆಂದು ಹೇಳುತ್ತಾರೆ. ಚಿನ್ನ ಯಾರು ಯಾರನ್ನೋ ಎಲ್ಲೆಲ್ಲಿಂದಲೋ ಕರೆದು ತಂದಿತ್ತು. ಹಾಗೆ ಬಂದವರಲ್ಲಿ ಗಣಿಯ ಬಾಯಿಯ ಸುತ್ತಲೇ ಮನೆ ಕಟ್ಟಿಕೊಂಡು ನಾಲ್ಕು ತಲೆಮಾರು ಬಾಳಿದವರು ಆಂಗ್ಲೊ-ಇಂಡಿಯನ್ನರು ಮತ್ತು ಅವರಿಗಿಂತ ಎಷ್ಟೋ ದೊಡ್ಡ ಸಂಖ್ಯೆಯ ತಮಿಳು ಕಾರ್ಮಿಕರು.

ಬಂಗಲೆ, ಕಾನ್ವೆಂಟ್, ಕಲ್‌ಕಲ್

ಕೆಜಿಎಫ್ ಒಂದೇ ಊರಲ್ಲ. ಒಂದೊಂದು ಗಣಿಯ ಸುತ್ತ ಒಂದೊಂದು ಬಡಾವಣೆ ಬೆಳೆಯಿತು. ಚಾಂಪಿಯನ್ ರೀಫ್, ಉರಿಗಾಂ, ನಂದಿದುರ್ಗ, ಮಾರಿಕುಪ್ಪಂ, ಕೋರಮಂಡಲ, ಪ್ರತಿಯೊಂದಕ್ಕೂ ತನ್ನದೇ ಚರ್ಚು, ತನ್ನದೇ ಆಟದ ಬಯಲು, ತನ್ನದೇ ಬಿಗುಮಾನ. ಸಂತೆ, ಅಂಗಡಿ, ಸಿನಿಮಾ ಎಂದರೆ ರಾಬರ್ಟ್‌ಸನ್‌ಪೇಟೆ. ಬ್ರಿಟಿಷ್ ರೆಸಿಡೆಂಟ್ ಡೊನಾಲ್ಡ್ ರಾಬರ್ಟ್‌ಸನ್ ಹೆಸರಿನಲ್ಲಿ 20ನೇ ಶತಮಾನದ ಆರಂಭದಲ್ಲಿ ನೇರ ರಸ್ತೆಗಳನ್ನು ಎಳೆದು ಕಟ್ಟಿದ ಪೇಟೆ ಅದು. ಕುಡಿಯುವ ನೀರು ಪಾಲಾರ್ ನದಿಯ ಬೇತಮಂಗಲದಿಂದ ಕೊಳವೆಯಲ್ಲಿ ಬರುತ್ತಿತ್ತು. ಬೆಂಗಳೂರಿನ ಬೀದಿಗೆ ವಿದ್ಯುತ್ ದೀಪ ಬಂದದ್ದು 1905ರಲ್ಲಿ. ಗಣಿಗೆ ವಿದ್ಯುತ್ ಬಂದದ್ದು ಅದಕ್ಕೂ ಮೂರು ವರ್ಷ ಮೊದಲು. ಸಮುದ್ರಮಟ್ಟದಿಂದ ಎರಡೂವರೆ ಸಾವಿರ ಅಡಿಗೂ ಎತ್ತರದ ತಂಪು ಹವೆ, ಹೆಂಚಿನ ಬಂಗಲೆ, ಮುಂದೆ ಜಾಲರಿ ಹಾಕಿದ ಜಗಲಿ, ಸುತ್ತ ಒಪ್ಪವಾಗಿ ಕತ್ತರಿಸಿದ ಬೇಲಿಯ ತೋಟ. ಇದಕ್ಕೆ ‘ಲಿಟಲ್ ಇಂಗ್ಲೆಂಡ್’ ಎಂದು ಹೆಸರಿಟ್ಟವರು ಆ ಜಗಲಿಯ ಮೇಲೆ ಕೂತವರು.

ಆ ಇಂಗ್ಲೆಂಡಿನೊಳಗೂ ಮೆಟ್ಟಿಲುಗಳಿದ್ದವು. 1885ರಲ್ಲಿ ಶುರುವಾದ ಕೆಜಿಎಫ್ ಕ್ಲಬ್ ಬ್ರಿಟಿಷರದು. ಆಂಗ್ಲೊ-ಇಂಡಿಯನ್ನರಿಗೆ ಅದರ ಬಾಗಿಲು ತೆರೆಯುತ್ತಿರಲಿಲ್ಲ. ಅವರು ತಮ್ಮ ಇನ್‌ಸ್ಟಿಟ್ಯೂಟ್‌ಗಳಲ್ಲಿ ಸೇರುತ್ತಿದ್ದರು. ಅಲ್ಲೇ ಕುಣಿತ, ಅಲ್ಲೇ ಹೌಸಿ ಆಟ, ಅಲ್ಲೇ ಮದುವೆಯ ಆರತಕ್ಷತೆ. ಗಂಡಸರು ಗಣಿಯಲ್ಲಿ ಫೋರ್‌ಮನ್, ಶಿಫ್ಟ್ ಮೇಲ್ವಿಚಾರಕ, ಇಂಜಿನ್ ಡ್ರೈವರ್. ಸಾಹೇಬನಿಗಿಂತ ಕೆಳಗೆ, ಕೂಲಿಯವನಿಗಿಂತ ಮೇಲೆ. ಈ ಮಧ್ಯದ ಮೆಟ್ಟಿಲಿನ ಮೇಲೆ ಸಮತೋಲ ಕಾಯ್ದುಕೊಳ್ಳುವ ಹೊಣೆ ಹೆಂಗಸರ ತಲೆಯ ಮೇಲಿತ್ತು. ಹುಡುಗಿಯರ ಫ್ರಾಕಿನ ಇಸ್ತ್ರಿ ಕೆಡಬಾರದು, ಊಟದ ಮೇಜಿನ ಬಟ್ಟೆ ಬಿಳಿಯಾಗಿರಬೇಕು, ಸಂಬಳ ಎಷ್ಟೇ ಇರಲಿ ನಂಟರು ಬಂದರೆ ಕೇಕು ಇರಬೇಕು. ಜಗಲಿಯ ಮೇಲೆ ದರ್ಜಿಯನ್ನು ಕೂರಿಸಿ, ಕಾಗದದ ಪ್ಯಾಟರ್ನ್ ಹರವಿ, ಒಂದೇ ಥಾನಿನಲ್ಲಿ ಅಕ್ಕತಂಗಿಯರಿಗೆಲ್ಲ ಒಂದೇ ಬಗೆಯ ಉಡುಪು ಹೊಲಿಸುವ ಜಾಣತನ ಆ ಮನೆಗಳ ನೆನಪುಗಳಲ್ಲಿ ಮತ್ತೆ ಮತ್ತೆ ಬರುತ್ತದೆ.

ಈ ಹೆಂಗಸರು ಮನೆಯಲ್ಲೇ ಉಳಿದವರಲ್ಲ ಎಂಬುದನ್ನು ನಾವು ಸಾಕಷ್ಟು ಹೇಳಿಲ್ಲ. ಭಾರತದಲ್ಲಿ ಸಂಬಳಕ್ಕೆ ದುಡಿಯಲು ಹೊರಬಂದ ಮೊದಲ ತಲೆಮಾರಿನ ಹೆಂಗಸರಲ್ಲಿ ಆಂಗ್ಲೊ-ಇಂಡಿಯನ್ನರ ಪಾಲು ದೊಡ್ಡದು. ಟೀಚರ್, ನರ್ಸ್, ಟೈಪಿಸ್ಟ್, ಟೆಲಿಫೋನ್ ಆಪರೇಟರ್ ಆಗಿ ದುಡಿದರು. ಎರಡನೇ ಮಹಾಯುದ್ಧದ ಹೊತ್ತಿಗೆ ಅವರಲ್ಲಿ ಎಷ್ಟೋ ಮಂದಿ ಮಹಿಳಾ ಸಹಾಯಕ ದಳ ಸೇರಿದರು. ಚಾಂಪಿಯನ್ ರೀಫ್‌ನಲ್ಲಿ ಟಾರ್ಬ್‌ನ ಸೇಂಟ್ ಜೋಸೆಫ್ ಸಭೆಯ ಸಿಸ್ಟರ್‌ಗಳು 20ನೇ ಶತಮಾನದ ಮೊದಲ ವರ್ಷಗಳಲ್ಲಿ ಆರಂಭಿಸಿದ ಕಾನ್ವೆಂಟ್ ಈ ಹುಡುಗಿಯರನ್ನು ತಯಾರು ಮಾಡಿತು. ಓದು, ಹೊಲಿಗೆ, ಪಿಯಾನೊ, ಶಿಸ್ತು. ಕಾಲ ಹೋದಂತೆ ಅದೇ ಬೆಂಚುಗಳಲ್ಲಿ ತಮಿಳು, ತೆಲುಗು, ಕನ್ನಡ, ಉರ್ದು ಮನೆಮಾತಿನ ಹುಡುಗಿಯರೂ ಕೂತರು. ಕೆಜಿಎಫ್‌ನ ಹಳೆಯ ವಿದ್ಯಾರ್ಥಿನಿಯರು ಇಂದಿಗೂ ಎಲ್ಲೇ ಸಿಕ್ಕರೂ ಎರಡು ಮಾತಿನಲ್ಲಿ ಒಬ್ಬರನ್ನೊಬ್ಬರು ಗುರುತಿಸಿಕೊಳ್ಳುತ್ತಾರೆ. ಇಂಗ್ಲಿಷಿನ ನಡುವೆ ತಮಿಳು, ತಮಿಳಿನ ನಡುವೆ ಕನ್ನಡ ನುಗ್ಗುವ ಆ ಊರಿನ ಮಾತಿನ ಧಾಟಿಯೇ ಬೇರೆ.

ಡಿಸೆಂಬರ್ ಬಂತೆಂದರೆ ಇಡೀ ಬಡಾವಣೆ ಅಡುಗೆಮನೆಯಾಗುತ್ತಿತ್ತು. ಒಣದ್ರಾಕ್ಷಿ, ಕಿತ್ತಳೆ ಸಿಪ್ಪೆಯ ಮಿಠಾಯಿಗಳನ್ನು ವಾರಗಟ್ಟಲೆ ಮುಂಚೆಯೇ ಹೆಚ್ಚಿ ರಮ್ಮಿನಲ್ಲಿ ನೆನೆಹಾಕಬೇಕು. ಜಾಡಿಯಲ್ಲಿ ದ್ರಾಕ್ಷಿಯ ವೈನು, ಶುಂಠಿಯ ವೈನು ಹುದುಗಬೇಕು. ಕಲ್‌ಕಲ್ ಮಾಡುವ ದಿನ ಮನೆಯ ಮಕ್ಕಳೆಲ್ಲ ಮೇಜಿನ ಸುತ್ತ. ಮೈದಾ, ತೆಂಗಿನ ಹಾಲು, ಮೊಟ್ಟೆ, ಸಕ್ಕರೆ ಕಲಸಿದ ಹಿಟ್ಟಿನ ಚಿಕ್ಕ ಚಿಕ್ಕ ಉಂಡೆಗಳನ್ನು ಫೋರ್ಕಿನ ಬೆನ್ನಿನ ಮೇಲೋ ಹೊಸ ಬಾಚಣಿಗೆಯ ಮೇಲೋ ಒತ್ತಿ ಸುರುಳಿ ಸುತ್ತಬೇಕು. ಕರಿದಾದ ಮೇಲೆ ಸಕ್ಕರೆ ಪಾಕ. ರೋಸ್ ಕುಕ್ಕೀಸ್ ಮಾಡುವುದಕ್ಕೆ ಕಬ್ಬಿಣದ ಹೂವಿನ ಅಚ್ಚು ಬೇಕು. ಅಚ್ಚು ಕಾದಿರದಿದ್ದರೆ ಹಿಟ್ಟು ಹಿಡಿಯುವುದಿಲ್ಲ, ಅತಿಯಾಗಿ ಕಾದರೆ ಬಿಡುವುದಿಲ್ಲ. ಆ ಹದ ಅಜ್ಜಿಗೇ ಗೊತ್ತು. ಕೇಕಿನ ಹಿಟ್ಟನ್ನು ಮನೆಯಲ್ಲೇ ಕಲಸಿ, ಟ್ರೇಗಳಿಗೆ ಹೆಸರಿನ ಚೀಟಿ ಅಂಟಿಸಿ, ಬೇಕರಿಯ ಒಲೆಗೆ ಹೊತ್ತು ಕಳಿಸುವುದು ರೂಢಿ. ಮೂಲೆಯಲ್ಲಿ ಕ್ರಿಸ್‌ಮಸ್ ಮರವೆಂದು ನಿಲ್ಲಿಸುತ್ತಿದ್ದದ್ದು ಸರ್ವೆ ಮರದ ಟೊಂಗೆ.

ವಾರದ ಅಡುಗೆಯಲ್ಲೂ ಇಂಗ್ಲೆಂಡಿಗಿಂತ ಕೋಲಾರವೇ ಹೆಚ್ಚು. ಅವರ ಪೆಪ್ಪರ್ ವಾಟರ್ ನಮ್ಮ ಮೆಣಸಿನ ಸಾರೇ. ಜೊತೆಗೆ ಒಣಗಿಸಿ ಹುರಿದ ಮಾಂಸ. ತೆಂಗಿನ ಹಾಲಿನ ಹಳದಿ ಅನ್ನ, ಕೈಮದ ಉಂಡೆಯ ‘ಬಾಲ್ ಕರಿ’, ಹಸಿ ಈರುಳ್ಳಿಗೆ ಕೆಂಪು ಮೆಣಸಿನಕಾಯಿ ಮತ್ತು ವಿನಿಗರ್ ಸೇರಿಸಿ ಅರೆದ ‘ಡೆವಿಲ್ ಚಟ್ನಿ’ ಭಾನುವಾರದ ಊಟ. ಹುಷಾರಿಲ್ಲದವರಿಗೆ ಅನ್ನ, ಮಾಂಸ ಒಟ್ಟಿಗೆ ಮೆತ್ತಗೆ ಬೇಯಿಸಿದ ‘ಪಿಶ್-ಪ್ಯಾಶ್’. ಈ ಪಟ್ಟಿಯನ್ನು ನೋಡಿದರೆ ಒಂದು ಸಂಗತಿ ಹೊಳೆಯದೆ ಇರದು. ಇಷ್ಟು ಮಸಾಲೆ ಅರೆದವರು ಯಾರು? ಒರಳುಕಲ್ಲಿನ ಮುಂದೆ ಕೂತವರು ಯಾರು? ನೆನಪಿನ ಪುಸ್ತಕಗಳಲ್ಲಿ ಅವರು ‘ನಮ್ಮ ಆಯಾ’, ‘ನಮ್ಮ ಕುಕ್’ ಎಂದು ಪ್ರೀತಿಯಿಂದಲೇ ಬರುತ್ತಾರೆ. ಬಂದು, ಕೆಲಸ ಮುಗಿಸಿ, ಸಂಜೆ ಬೇಲಿ ದಾಟಿ ಲೈನಿಗೆ ಹೋಗುತ್ತಾರೆ. ಪುಸ್ತಕ ಅವರ ಹಿಂದೆ ಹೋಗುವುದಿಲ್ಲ.

ಬೇಲಿಯ ಆಚೆ

ಲೈನು ಎಂದರೆ ಕಾರ್ಮಿಕರ ಮನೆಗಳ ಸಾಲು. ಮೊದಲಲ್ಲಿ ಬಿದಿರಿನ ತಟ್ಟಿ ಕಟ್ಟಿ ಹುಲ್ಲೋ ತಗಡೋ ಹೊದಿಸಿದ ಒಂದೇ ಕೋಣೆಯ ಗುಡಿಸಲುಗಳು. ಎದ್ದು ನಿಂತರೆ ತಲೆಗೆ ಸೂರು, ಕಾಲು ಚಾಚಿದರೆ ಗೋಡೆ. ಅಲ್ಲೇ ಒಲೆ, ಅಲ್ಲೇ ಹಾಸಿಗೆ, ಅಲ್ಲೇ ಬಾಣಂತನ. ರಾತ್ರಿ ಪಾಳಿ ಮುಗಿಸಿ ಬಂದ ಗಂಡ ಮಲಗಬೇಕಾದರೆ ಹೆಂಡತಿ ಮಕ್ಕಳನ್ನು ಹೊರಗೆ ಕಳಿಸಲೇಬೇಕು. ನಲ್ಲಿಯ ಮುಂದೆ ಸಾಲು, ಸಾಲಿನಲ್ಲಿ ಜಗಳ, ಜಗಳದ ಮರುಗಳಿಗೆಯಲ್ಲೇ ಪಕ್ಕದವಳ ಮಗುವನ್ನು ಎತ್ತಿಕೊಳ್ಳುವ ಸಲಿಗೆ. 20ನೇ ಶತಮಾನದ ಆರಂಭದಲ್ಲಿ ಗಣಿಗಳಲ್ಲಿ ಸುಮಾರು 30 ಸಾವಿರ ಜನ ದುಡಿಯುತ್ತಿದ್ದರು. ಅವರಲ್ಲಿ ಬಹುಪಾಲು ತಮಿಳು ನಾಡಿನ ದಲಿತ ಕುಟುಂಬಗಳಿಂದ ಬಂದವರು. ಊರಿನಲ್ಲಿ ಭೂಮಾಲೀಕನ ಮುಂದೆ ಕೈಕಟ್ಟಿ ನಿಲ್ಲಬೇಕಾಗಿದ್ದವರಿಗೆ ಗಣಿ ಸಂಬಳ ಕೊಟ್ಟಿತು. ಅದರ ಜೊತೆಗೆ ಪ್ರಾಣವನ್ನೂ ಕೇಳಿತು.

ಆಳದಲ್ಲಿ ಬಂಡೆಯ ಬಿಸಿ 60 ಡಿಗ್ರಿ ಸೆಲ್ಸಿಯಸ್ ದಾಟುತ್ತಿತ್ತು. ಮೇಲಿನ ಭಾರ ತಾಳದೆ ಬಂಡೆಯೇ ಸಿಡಿಯುವುದಕ್ಕೆ ಹಿಂದಿನವರು ‘ಏರ್ ಬ್ಲಾಸ್ಟ್’ ಎನ್ನುತ್ತಿದ್ದರು, ಆಮೇಲೆ ‘ರಾಕ್ ಬರ್ಸ್ಟ್’ ಎಂದಾಯಿತು. ಅದರ ನಡುಕ ಮೇಲಿನ ಮನೆಗಳಿಗೂ ತಟ್ಟುತ್ತಿತ್ತು. ಬಂಗಲೆಯಲ್ಲಿ ಕಿಟಕಿಯ ಗಾಜು ಗಡಗಡ ಎನ್ನುತ್ತಿತ್ತು, ಲೈನಿನಲ್ಲಿ ಗೂಡಿನ ಪಾತ್ರೆ ಉರುಳುತ್ತಿತ್ತು. ಆ ಸದ್ದಿಗೆ ಎರಡೂ ಕಡೆಯ ಹೆಂಗಸರು ಮಾಡುತ್ತಿದ್ದದ್ದು ಒಂದೇ ಲೆಕ್ಕ: ಈಗ ಯಾವ ಶಿಫ್ಟು, ನಮ್ಮವರು ಕೆಳಗಿದ್ದಾರೋ ಮೇಲಿದ್ದಾರೋ. ಹೊತ್ತಲ್ಲದ ಹೊತ್ತಿನಲ್ಲಿ ಸೈರನ್ ಕೂಗಿದರೆ ಶಾಫ್ಟಿನ ಕಡೆ ಓಟ. ಭೂಮಿಯ ಕೆಳಗೆ ಶಿಫ್ಟಿನ ಮೇಲ್ವಿಚಾರಕನೂ ಕೂಲಿಯವನೂ ಒಂದೇ ಬಂಡೆಯ ಅಡಿಯಲ್ಲಿ ನಿಂತಿದ್ದರು. ಹೆಂಗಸರ ನೆನಪುಗಳಲ್ಲಿ ಬೇಲಿ ಮುರಿದು ಬೀಳುವ ಜಾಗ ಇದೊಂದೇ ಎಂದು ನನಗೆ ಅನ್ನಿಸುತ್ತದೆ.

ಸಿಡಿದ ಬಂಡೆಗಿಂತ ಹೆಚ್ಚು ಜನರನ್ನು ನಿಧಾನವಾಗಿ ಕೊಂದದ್ದು ಧೂಳು. 1940ರ ದಶಕದಲ್ಲಿ ಗಣಿ ಕಾರ್ಮಿಕರ ಎದೆಯ ತಪಾಸಣೆ ನಡೆದಾಗ ಹತ್ತರಲ್ಲಿ ನಾಲ್ಕಕ್ಕೂ ಹೆಚ್ಚು ಮಂದಿಯಲ್ಲಿ ಸಿಲಿಕೋಸಿಸ್ ಕಂಡುಬಂತು. ಈ ರೋಗ ಮನೆಗೆ ಬಂದರೆ ಅದರ ಚಾಕರಿ ಹೆಂಗಸಿನದು. ನಲವತ್ತಕ್ಕೇ ಮುದುಕನಾದ ಗಂಡನನ್ನು ಒರಗಿಸಿ ಕೂರಿಸಿ ರಾತ್ರಿಯಿಡೀ ಬೆನ್ನು ನೀವುವುದು, ಹಗಲು ಬೇರೆಯವರ ಮನೆಯ ಕೆಲಸಕ್ಕೆ ಹೋಗುವುದು, ಪರಿಹಾರದ ಕಾಗದ ಹಿಡಿದು ಆಫೀಸುಗಳ ಮುಂದೆ ಕಾಯುವುದು. ಆಸ್ಪತ್ರೆಯ ಎಕ್ಸ್‌ರೇಯಲ್ಲಿ ಗಂಡಸಿನ ಶ್ವಾಸಕೋಶ ಇದೆ. ಅವನನ್ನು ಸಾಕಿದವಳ ಚಿತ್ರ ಎಲ್ಲಿಯೂ ಇಲ್ಲ.

ಲೈನುಗಳನ್ನು ಬರೀ ಸಂಕಟದ ಜಾಗವಾಗಿ ಬರೆದರೂ ಅದು ಅನ್ಯಾಯವೇ. ತಮಿಳು ದಲಿತ ಚಿಂತಕ ಅಯೋತಿ ದಾಸ ಪಂಡಿತರ ಶಾಕ್ಯ ಬೌದ್ಧ ಸಂಘದ ಶಾಖೆ ಮಾರಿಕುಪ್ಪಂನಲ್ಲಿ ನಡೆಯಿತು. 1907ರಲ್ಲಿ ಮದರಾಸಿನಲ್ಲಿ ಅವರು ಆರಂಭಿಸಿದ್ದ ‘ತಮಿಳನ್’ ಪತ್ರಿಕೆ ಅವರ ಕಾಲದ ನಂತರ, 1926ರಲ್ಲಿ, ಅಪ್ಪಾದುರೈ ಅವರ ಸಂಪಾದಕತ್ವದಲ್ಲಿ ಕೆಜಿಎಫ್‌ನಿಂದಲೇ ಮತ್ತೆ ಹೊರಟಿತು. ಅಂಬೇಡ್ಕರ್ ಬೌದ್ಧ ಧರ್ಮ ಸ್ವೀಕರಿಸುವುದಕ್ಕೆ ಹಲವು ದಶಕ ಮೊದಲೇ ಈ ಲೈನುಗಳಲ್ಲಿ ಬುದ್ಧ ಪೂರ್ಣಿಮೆ ನಡೆಯುತ್ತಿತ್ತು. 1930ರ ಏಪ್ರಿಲ್‌ನಲ್ಲಿ, ಹೆಬ್ಬೆಟ್ಟು ಒತ್ತಿಸಿಕೊಂಡು ಕಾರ್ಮಿಕರನ್ನು ನೋಂದಾಯಿಸುವ ಕಂಪನಿಯ ಕ್ರಮದ ವಿರುದ್ಧ ಗಣಿಗಳು ಮೂರು ವಾರ ಸ್ತಬ್ಧವಾದವು. 1946ರ ನವೆಂಬರ್ 4ರಂದು ಪೊಲೀಸರ ಗುಂಡಿಗೆ ಆರು ಕಾರ್ಮಿಕರು ಬಲಿಯಾದರು. ಮುಷ್ಕರ ಎಂದರೆ ಸಂಬಳವಿಲ್ಲದ ವಾರಗಳು. ಒಲೆ ಉರಿಸುವ ದಾರಿ ಹುಡುಕಿ ಆ ವಾರಗಳನ್ನು ದಾಟಿಸಿದವರು ಯಾರು ಎಂದು ಬೇರೆ ಹೇಳಬೇಕಾಗಿಲ್ಲ.

ಬಂಗಲೆಯ ನೆನಪು ಸಿಹಿಯಾಗಿದೆ ಎಂದು ಅದನ್ನು ತಳ್ಳಿಹಾಕುವವರನ್ನು ನಾನು ಒಪ್ಪುವುದಿಲ್ಲ. ಕಲ್‌ಕಲ್ ಸುತ್ತಿದ ಹುಡುಗಿಯ ಸಂತೋಷ ಸುಳ್ಳಲ್ಲ. ಆ ಸಂತೋಷದ ಹಿಂದೆ ಯಾರ ದುಡಿಮೆ ಇತ್ತು ಎಂದು ಕೇಳದೆ ಅದನ್ನಷ್ಟೇ ಕೆಜಿಎಫ್ ಎಂದು ಕರೆಯುವುದನ್ನೂ ಒಪ್ಪಲಾರೆ. ಒಂದೇ ಬೀದಿಯ ಎರಡು ಬದಿಯ ಹೆಂಗಸರು ಒಬ್ಬರ ಮಕ್ಕಳನ್ನು ಇನ್ನೊಬ್ಬರು ಸಾಕಿದ್ದಾರೆ. ಅವರ ನೆನಪುಗಳು ಪಕ್ಕಪಕ್ಕದಲ್ಲಿ ಕೂರಬೇಕು.

ಟ್ರಂಕುಗಳು ಮತ್ತೆ ಬೌರಿಂಗ್‌ಪೇಟೆಗೆ

1947ರಿಂದಲೇ ವಲಸೆ ಶುರುವಾಯಿತು. 1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ವಹಿಸಿಕೊಂಡಿತು. ಬ್ರಿಟಿಷ್ ಕುಟುಂಬಗಳು ಹೊರಟವು. 1962ರಲ್ಲಿ ಗಣಿಗಳು ಕೇಂದ್ರಕ್ಕೆ ಹೋದವು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ಹುಟ್ಟಿತು. ಅಷ್ಟರಲ್ಲಿ ಆಸ್ಟ್ರೇಲಿಯಾ ಬಿಳಿಯರಿಗೆ ಮಾತ್ರ ವಲಸೆಯ ಅವಕಾಶ ಎಂಬ ತನ್ನ ಕಟ್ಟುಪಾಡನ್ನು ಸಡಿಲಿಸುತ್ತಿತ್ತು. ಆಂಗ್ಲೊ-ಇಂಡಿಯನ್ ಕುಟುಂಬಗಳು ಒಂದೊಂದಾಗಿ ಪರ್ತ್‌ಗೆ, ಮೆಲ್ಬರ್ನ್‌ಗೆ, ಲಂಡನ್ನಿಗೆ, ಕೆನಡಾಕ್ಕೆ ಹೋದವು. ಪಿಯಾನೊ ಮಾರಿದರು, ನಾಯಿಯನ್ನು ಪಕ್ಕದ ಮನೆಗೆ ಕೊಟ್ಟರು, ರೋಸ್ ಕುಕ್ಕಿಯ ಅಚ್ಚನ್ನು ಮಾತ್ರ ಬಟ್ಟೆಗಳ ನಡುವೆ ಸುತ್ತಿ ಇಟ್ಟುಕೊಂಡರು. ಹೋದವರ ಮನೆಗಳಲ್ಲಿ ಈ ಬಗೆಯ ಮಾತುಗಳು ಇಂದಿಗೂ ಕೇಳಿಬರುತ್ತವೆ. ಹೋಗದೆ ಉಳಿದವರು ಬೆಂಗಳೂರಿನ ಕಡೆ ಸರಿದರು, ಇಲ್ಲವೇ ಅಲ್ಲೇ ಉಳಿದರು. 1964ರಲ್ಲಿ ಸ್ಥಾಪನೆಯಾದ ಬಿಇಎಂಎಲ್‌ನ ಕಾರ್ಖಾನೆ ಹೊಸ ತಲೆಮಾರಿಗೆ ಕೆಲಸ ಕೊಟ್ಟಿತು. ಅದರ ಜೊತೆಗೇ ಕನ್ನಡ ಮನೆಮಾತಿನ ಕುಟುಂಬಗಳು ಕೆಜಿಎಫ್‌ಗೆ ಹೆಚ್ಚಾಗಿ ಬಂದವು.

2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು. ಬೆಳಿಗ್ಗೆಯ ಶಿಫ್ಟಿಗೆ ಬದಲು ಬೆಳಿಗ್ಗೆಯ ರೈಲು ಬಂತು. ಇನ್ನೂ ಕತ್ತಲಿರುವಾಗಲೇ ಮಾರಿಕುಪ್ಪಂನಿಂದ ಹೊರಡುವ ಗಾಡಿಗಳು ಸಾವಿರಾರು ಮಂದಿಯನ್ನು ಬಂಗಾರಪೇಟೆಯ ಮೂಲಕ ಬೆಂಗಳೂರಿಗೆ ಒಯ್ಯುತ್ತವೆ, ರಾತ್ರಿ ತಂದು ಬಿಡುತ್ತವೆ. ಗಣಿಯ ಊರು ಬೆಂಗಳೂರಿನ ದೂರದ ಉಪನಗರವಾಯಿತು. ಆ ಗಾಡಿಗಳ ಮಹಿಳಾ ಬೋಗಿಯಲ್ಲಿ ಗಾರ್ಮೆಂಟ್ಸ್ ಕೆಲಸದವರು, ಅಂಗಡಿ ಕೆಲಸದವರು, ನರ್ಸುಗಳು, ಕಾಲೇಜು ಹುಡುಗಿಯರು. ಸೊಪ್ಪು ಬಿಡಿಸುವುದೂ ಹೂ ಕಟ್ಟುವುದೂ ಅಲ್ಲೇ, ಚೀಟಿ ಹಣ ಎತ್ತುವುದೂ ಅಲ್ಲೇ, ಮಗಳಿಗೆ ಗಂಡು ಹುಡುಕುವುದೂ ಅಲ್ಲೇ. ಸಂಜೆ ಬಂಗಾರಪೇಟೆಯಲ್ಲಿ ಇಳಿದರೆ ಊರಿನ ಹೆಸರನ್ನು ದೂರದೂರಕ್ಕೆ ಒಯ್ದಿರುವ ತಿಳಿನೀರಿನ ಪಾನಿಪುರಿ. ಹಿಂದೆ ನಲ್ಲಿಯ ಸಾಲಿನಲ್ಲಿ ನಡೆಯುತ್ತಿದ್ದ ಒಡನಾಟ ಈಗ ರೈಲಿನ ಬೋಗಿಗೆ ಬಂದಿದೆ.

ಊರಿನ ಅಂಚಿನಲ್ಲಿ ಸೈನೈಡ್ ದಿಬ್ಬಗಳು ಹಾಗೇ ಇವೆ. ಚಿನ್ನ ಬೇರ್ಪಡಿಸಿ ಉಳಿದ ಪುಡಿಯನ್ನು ನೂರು ವರ್ಷ ಸುರಿದು ಆದ ಗುಡ್ಡಗಳು. ಗಾಳಿ ಎದ್ದ ದಿನ ಅಲ್ಲಿಂದ ಬರುವ ಧೂಳು ಒಣಹಾಕಿದ ಬಟ್ಟೆಯ ಮೇಲೆ, ಅಕ್ಕಿಯ ಮೊರದ ಮೇಲೆ ಕೂರುತ್ತದೆ. ಒರೆಸುವ ಕೆಲಸ ಈಗಲೂ ಮನೆಯ ಹೆಂಗಸರದೇ.

ಕನ್ನಡದ ಓದುಗರಿಗೆ ಕೆಜಿಎಫ್ ಎಂದರೆ ಈಗ 2018 ಮತ್ತು 2022ರ ಎರಡು ಸಿನಿಮಾಗಳು. ಅವುಗಳಿಂದ ಈ ಮೂರಕ್ಷರ ಜಗತ್ತಿಗೆಲ್ಲ ಗೊತ್ತಾಯಿತು, ಒಳ್ಳೆಯದೇ. ಅಲ್ಲಿಯ ತಾಯಿ, ಅಲ್ಲಿಯ ಗಣಿ, ಅಲ್ಲಿಯ ಊರು ಕಲ್ಪನೆಯವು. ನಿಜವಾದ ತಾಯಂದಿರ ಕಥೆ ಇಂಗ್ಲಿಷಿನಲ್ಲಿ ಸ್ವಲ್ಪ ಇದೆ, ತಮಿಳಿನಲ್ಲಿ ಇನ್ನಷ್ಟು ಇದೆ. ಕನ್ನಡದಲ್ಲಿ ಬಹಳ ಕಡಿಮೆ. ಕೋಲಾರ ಜಿಲ್ಲೆಯ ಒಂದು ತಾಲ್ಲೂಕಿನ ಜನರ ನೂರಿಪ್ಪತ್ತು ವರ್ಷದ ಬದುಕು ಕನ್ನಡಕ್ಕೆ ಪರಕೀಯವಾಗಿ ಉಳಿದಿರುವುದು ನನ್ನನ್ನು ನೋಯಿಸುತ್ತದೆ. ಅವರ ಮನೆಮಾತು ಬೇರೆಯಾಗಿತ್ತು ಎಂಬುದು ಅದಕ್ಕೆ ಸಾಕಾದ ಕಾರಣವಲ್ಲ.

ಕೊಚ್ಚಿಯ ನೋಟ್‌ಬುಕ್ಕುಗಳನ್ನು ಹುಡುಕಿದವರಂತೆ ಯಾರಾದರೂ ಇಲ್ಲಿಯೂ ಹೊರಡಬೇಕು, ಅದೂ ಬೇಗ. 1956ರಲ್ಲಿ ಹತ್ತು ವರ್ಷದವಳಾಗಿದ್ದ ಹುಡುಗಿಗೆ ಈಗ ಎಂಬತ್ತರ ಹತ್ತಿರ. ಪರ್ತ್‌ನ ಮನೆಯಲ್ಲಿ ಅಡುಗೆಯ ನೋಟ್‌ಬುಕ್ಕು ಇಟ್ಟುಕೊಂಡಿರುವವಳನ್ನೂ ಕೆಜಿಎಫ್‌ನ ಆಂಡರ್‌ಸನ್‌ಪೇಟೆಯ ಜಗಲಿಯಲ್ಲಿ ಕೂತು ಗಂಡನ ಕಾಯಿಲೆಯ ಹಳೆಯ ಕಾಗದಗಳನ್ನು ಕವರಿನಲ್ಲಿ ಕಟ್ಟಿಟ್ಟುಕೊಂಡಿರುವವಳನ್ನೂ ಒಟ್ಟೊಟ್ಟಿಗೆ ಮಾತಾಡಿಸಬೇಕು. ಕಾನ್ವೆಂಟಿನ ದಾಖಲಾತಿ ಪುಸ್ತಕ, ಚರ್ಚಿನ ದೀಕ್ಷಾಸ್ನಾನದ ರಿಜಿಸ್ಟರು, ಬೌದ್ಧ ಸಂಘದ ಕಡತ, ಯೂನಿಯನ್ನಿನ ರಸೀದಿ, ಸತ್ತವರ ಮನೆಯಲ್ಲಿ ಹಾಡುತ್ತಿದ್ದ ಒಪ್ಪಾರಿ ಇವೆಲ್ಲವನ್ನೂ ಜೊತೆಗಿಟ್ಟು ಓದಬೇಕು. ಬಂಗಲೆಯ ಹುಡುಗಿಯಾಗಿದ್ದ ಅಜ್ಜಿ ಸಿಕ್ಕರೆ, ಕೇಕಿನ ಅಳತೆ ಬರೆದುಕೊಳ್ಳುವುದಕ್ಕೆ ಮೊದಲು ಅವರನ್ನು ಕೇಳಬೇಕಾದ ಮಾತೊಂದಿದೆ: ಆಂಟಿ, ನಿಮ್ಮನ್ನು ಎತ್ತಿ ಆಡಿಸಿದ ಆಯಾಳ ಹೆಸರೇನು, ಅವರ ಮನೆ ಯಾವ ಲೈನಿನಲ್ಲಿತ್ತು?